ಅರ್ಧೋಕ್ತಿ ಮೀಮಾಂಸೆ ಅಥವಾ 'ನಿಮಗೆ ಗೊತ್ತಾ?' ಶಾಸ್ತ್ರ ಸಂಗ್ರಹ

ಯಾವ ಶಾಸ್ತ್ರಗ್ರಂಥವೇ ಆಗಲಿ, ಶುರುವಾಗುವ ಮುನ್ನ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿಬಿಡಬೇಕೆಂದು ಹಿರಿಯರ ಕಟ್ಟಳೆ. ಹೇಳಿಬಿಡುತ್ತೇನೆ. ವಿಷಯ: 'ನಿಮಗೆ ಗೊತ್ತಾ?' ಎಂದು ಮೊದಲಾಗಿ, ಕೇಳಿದವರ ಹುಬ್ಬು ಏರಿದಲ್ಲಿಗೆ ಮುಗಿಯುವ ವಾಕ್ಯ. ಪ್ರಯೋಜನ: ಇಲ್ಲ. ಇದನ್ನು ಯಾರೂ ದೋಷವೆಂದು ಎಣಿಸಬಾರದು. ಪ್ರಯೋಜನವಿದ್ದಿದ್ದರೆ ಅದು ಪಠ್ಯಪುಸ್ತಕಕ್ಕೆ ಸೇರಿ, ಪರೀಕ್ಷೆಯ ಮಾರನೆಯ ದಿನವೇ ಮರೆತುಹೋಗುತ್ತಿತ್ತು. ಸಂಬಂಧ: ಹೇಳುವವನಿಗೂ ವಿಷಯಕ್ಕೂ ಯಾವ ಸಂಬಂಧವೂ ಬೇಕಿಲ್ಲ. ಅಧಿಕಾರಿ: ಮದುವೆಯೂಟದ ಪಂಕ್ತಿಯಲ್ಲಿ ನಿಮ್ಮ ಬಲಗಡೆಯೇ ಬಂದು ಕೂತು, ಕೋಸಂಬರಿ ಎಲೆಗೆ ಬೀಳುವಷ್ಟರಲ್ಲಿ ಆಕ್ಟೋಪಸ್ಸಿಗೆ ಮೂರು ಹೃದಯ ಎಂದು ತಿಳಿಸಿ, ಹೋಳಿಗೆಗೆ ತುಪ್ಪ ಬಡಿಸುವ ಹೊತ್ತಿಗೆ ಶುಕ್ರಗ್ರಹದಲ್ಲಿ ವರ್ಷಕ್ಕಿಂತ ದಿನವೇ ದೊಡ್ಡದು ಎನ್ನುವಲ್ಲಿಗೆ ತಲುಪುವ ಮಹನೀಯರು.

ಈ ಶಾಸ್ತ್ರದ ಮೂಲಸೂತ್ರ ಒಂದೇ: ಸತ್ಯವನ್ನು ಸರಿಯಾದ ಜಾಗದಲ್ಲಿ ತುಂಡರಿಸಿದರೆ ಕೌತುಕ. ಇದಕ್ಕೆ ಅರ್ಧೋಕ್ತಿ ನ್ಯಾಯವೆಂದು ಹೆಸರು. ಹೆಸರಿಟ್ಟವನು ನಾನೇ, ಬೇರೆ ಯಾರೂ ಮುಂದೆ ಬರಲಿಲ್ಲ.

ಉದಾಹರಣೆಗೆ ಮೇಲಿನ ಶುಕ್ರನನ್ನೇ ತೆಗೆದುಕೊಳ್ಳಿ. ಆತ ತನ್ನ ಅಚ್ಚಿನ ಮೇಲೆ ಒಂದು ಸುತ್ತು ತಿರುಗಲು ನಮ್ಮ ಲೆಕ್ಕದ 243 ದಿನ, ಸೂರ್ಯನಿಗೆ ಪ್ರದಕ್ಷಿಣೆ ಹಾಕಲು 225 ದಿನ. ಇಷ್ಟಕ್ಕೆ ನಿಲ್ಲಿಸಿದರೆ ಪಂಕ್ತಿಯಲ್ಲಿ ಗೌರವ. ಆದರೆ ಶುಕ್ರ ತಿರುಗುವುದು ಹಿಮ್ಮುಖವಾಗಿ. ಹಾಗಾಗಿ ಒಂದು ಸೂರ್ಯೋದಯದಿಂದ ಮುಂದಿನ ಸೂರ್ಯೋದಯಕ್ಕೆ ಅಲ್ಲಿ ಸುಮಾರು 117 ದಿನ ಮಾತ್ರ. ಅಂದರೆ ಅಲ್ಲೊಬ್ಬ ಪುರೋಹಿತರಿದ್ದಿದ್ದರೆ ವರ್ಷಕ್ಕೆ ಹೆಚ್ಚುಕಡಿಮೆ ಎರಡು ಬಾರಿ ಬೆಳಗಿನ ಸಂಧ್ಯಾವಂದನೆ ಮಾಡಿ ಹಾಯಾಗಿರುತ್ತಿದ್ದರು, ಅದೂ ಪಶ್ಚಿಮದಲ್ಲಿ ಹುಟ್ಟುವ ಸೂರ್ಯನಿಗೆ. ಉಳಿದರ್ಧವೇ ಹೆಚ್ಚು ಸೊಗಸಲ್ಲವೇ? ಆದರೂ ಅದನ್ನು ಯಾರೂ ಹೇಳುವುದಿಲ್ಲ, ಅಷ್ಟರಲ್ಲಿ ಅನ್ನ ಬಂದಿರುತ್ತದೆ.

ಈಗ ಪ್ರಮಾಣ ವಿಚಾರ. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಹೇಳಿ ಕೈತೊಳೆದುಕೊಂಡರು. ಅವರ ಕಾಲದಲ್ಲಿ ವಾಟ್ಸಾಪ್ ಇರಲಿಲ್ಲವಾದ್ದರಿಂದ ಐದನೆಯದಾದ ಫಾರ್ವರ್ಡ್ ಪ್ರಮಾಣ ಬಿಟ್ಟುಹೋಯಿತು. ಇದರ ಲಕ್ಷಣವೇನೆಂದರೆ, ಯಾರು ನೋಡಿದರು ಎಂಬ ಪ್ರಶ್ನೆ ಏಳುವ ಮೊದಲೇ ಎಲ್ಲರಿಗೂ ಗೊತ್ತಿರುವುದು. ಇದು ಮೊಬೈಲಿಗಿಂತ ಹಳೆಯದು. ಚೀನಾದ ಮಹಾಗೋಡೆ ಚಂದ್ರನಿಂದ ಕಾಣುತ್ತದೆ ಎಂಬ ವಾಕ್ಯವನ್ನು ನಮ್ಮಲ್ಲಿ ಕೇಳದವರಿಲ್ಲ. ಹಾಗೆ ಕಾಣಬಹುದೆಂದು ಇಂಗ್ಲೆಂಡಿನ ವಿಲಿಯಂ ಸ್ಟೂಕ್ಲಿ ಎಂಬ ಪುರಾತತ್ವಪ್ರಿಯರು ಪತ್ರವೊಂದರಲ್ಲಿ ಬರೆದದ್ದು 1754ರಲ್ಲಿ. ಮನುಷ್ಯ ಬಲೂನು ಕಟ್ಟಿಕೊಂಡು ನೆಲ ಬಿಟ್ಟು ಮೇಲೆದ್ದದ್ದೇ 1783ರಲ್ಲಿ. ಅಂದರೆ ತೆಂಗಿನ ಮರಕ್ಕಿಂತ ಎತ್ತರದಿಂದ ಊರು ಹೇಗೆ ಕಾಣುತ್ತದೆಂದು ತಿಳಿಯಲು ಗುಡ್ಡವನ್ನೋ ಗೋಪುರವನ್ನೋ ಹತ್ತಬೇಕಿದ್ದ ಕಾಲದಲ್ಲಿ, ಚಂದ್ರನ ಮೇಲಿನಿಂದ ಏನು ಕಾಣುತ್ತದೆಂಬುದು ತೀರ್ಮಾನವಾಗಿತ್ತು. 1932ರಲ್ಲಿ ರಿಪ್ಲಿಯವರ ಪ್ರಸಿದ್ಧ 'ನಂಬಿದರೆ ನಂಬಿ' ಅಂಕಣ ಅದನ್ನು ಇನ್ನಷ್ಟು ಗಟ್ಟಿ ದನಿಯಲ್ಲಿ ಸಾರಿತು. ಚಂದ್ರನಿಗೆ ಟಿಕೆಟ್ ಸಿಕ್ಕಿದ್ದು 1969ರಲ್ಲಿ.

ಗೋಡೆಯ ಅಗಲ ಕೆಲವೇ ಮೀಟರು, ಬಣ್ಣ ಸುತ್ತಲಿನ ಮಣ್ಣಿನದೇ, ಚಂದ್ರ ಇರುವುದು ಸರಾಸರಿ 3,84,000 ಕಿಲೋಮೀಟರ್ ದೂರದಲ್ಲಿ. ಇಷ್ಟು ಅನುಮಾನ ಪ್ರಮಾಣ ಎಲ್ಲರ ಕೈಯಲ್ಲೂ ಇತ್ತು. ಪ್ರತ್ಯಕ್ಷವೂ ಕಡೆಗೆ ಬಂತು: 2003ರಲ್ಲಿ ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೇ ಭೂಮಿಯನ್ನು ಸುತ್ತಿ ಇಳಿದವರು, ಚಂದ್ರನ ಮಾತು ಹಾಗಿರಲಿ, ತಮ್ಮ ಕಕ್ಷೆಯಿಂದಲೇ ಗೋಡೆ ಕಾಣಲಿಲ್ಲ ಎಂದರು. ಗೋಡೆ ಅವರ ಸ್ವಂತ ದೇಶದ್ದು. ಕಂಡಿತು ಎಂದು ಒಂದು ಮಾತು ಹೇಳಿದ್ದರೆ ಯಾರೂ ಮೇಲೆ ಹೋಗಿ ಪರೀಕ್ಷಿಸುತ್ತಿರಲಿಲ್ಲ. ಇಂಥ ಪ್ರಾಮಾಣಿಕತೆಯನ್ನು ನಮ್ಮ ಶಾಸ್ತ್ರ ಮೆಚ್ಚುತ್ತದೆ, ಆದರೆ ಮಾನ್ಯ ಮಾಡುವುದಿಲ್ಲ. ಗೋಡೆ ಈಗಲೂ ಚಂದ್ರನಿಂದ ಕಾಣುತ್ತಲೇ ಇದೆ.

ಮುಂದಿನದು ಸಂಖ್ಯಾಪ್ರಕರಣ, ಈ ಗ್ರಂಥದ ಹೃದಯಭಾಗ. 1932ರಲ್ಲಿ ಆಸ್ಟ್ರೇಲಿಯಾದ ಸೈನ್ಯ ಎಮು ಪಕ್ಷಿಗಳ ಮೇಲೆ ಯುದ್ಧ ಹೂಡಿ ಸೋತಿತು ಎಂಬ ಕೌತುಕ ಲೋಕಪ್ರಸಿದ್ಧ. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಜಮೀನು ಕೊಟ್ಟಿದ್ದರು. ಗೋಧಿಯ ಬೆಲೆ ಬಿದ್ದುಹೋಗಿದ್ದ ಕಾಲ. ಅದರ ಮೇಲೆ ಕ್ಯಾಂಪಿಯನ್ ಸುತ್ತಮುತ್ತ ಸುಮಾರು 20,000 ಎಮುಗಳು ಪೈರಿಗೆ ನುಗ್ಗಿದವು. ಮಾಜಿ ಸೈನಿಕರು ಕೃಷಿ ಇಲಾಖೆಗೆ ಹೋಗದೆ, ರಕ್ಷಣಾ ಸಚಿವರ ಬಾಗಿಲಿಗೇ ಹೋದರು. ಮೇಜರ್ ಮೆರೆಡಿತ್, ಇಬ್ಬರು ಸೈನಿಕರು, ಎರಡು ಲೂಯಿಸ್ ಮೆಷಿನ್‌ಗನ್, 10,000 ಗುಂಡು: ಇಷ್ಟು ಸೇನೆ ನವೆಂಬರಿನಲ್ಲಿ ಹೊರಟಿತು. ಎಮುಗಳು ಸಣ್ಣ ಸಣ್ಣ ಗುಂಪಾಗಿ ಚದುರಿದವು. ಒಮ್ಮೆ ಸಾವಿರದಷ್ಟು ಹಕ್ಕಿಗಳು ಒಟ್ಟಿಗೆ ಸಿಕ್ಕಾಗ ಗನ್ ಸಿಕ್ಕಿಹಾಕಿಕೊಂಡಿತು. ಲಾರಿಯ ಮೇಲೆ ಗನ್ ಕಟ್ಟಿ ಅಟ್ಟಿಸಿಕೊಂಡು ಹೋದರೆ, ಹೊಲದ ಉಬ್ಬುತಗ್ಗಿನಲ್ಲಿ ಲಾರಿ ಕುಣಿದದ್ದೇ ಕುಣಿದದ್ದು. ಗುರಿಯಿಡುವುದಿರಲಿ, ಎಮುವಿನ ಹತ್ತಿರ ಹೋಗಲೂ ಆಗಲಿಲ್ಲ.

ಕೌತುಕದ ಅಧಿಕಾರಿಗಳು ಇಲ್ಲಿಗೆ ನಿಲ್ಲಿಸಿ ಚಪ್ಪಾಳೆ ಪಡೆಯುತ್ತಾರೆ. ಉಳಿದರ್ಧ ಮೇಜರ್ ಸಾಹೇಬರ ಲೆಕ್ಕದಲ್ಲಿದೆ. ಡಿಸೆಂಬರಿನಲ್ಲಿ ಹಿಂತಿರುಗಿದಾಗ ಅವರು ಒಪ್ಪಿಸಿದ ವರದಿಯಂತೆ ಸತ್ತ ಎಮುಗಳು 986, ಖರ್ಚಾದ ಗುಂಡುಗಳು 9,860. ಪೆನ್ಸಿಲ್ ತೆಗೆದುಕೊಂಡು ಭಾಗಿಸಿ. ಎಮುವಿಗೆ ಹತ್ತು, ಶೇಷ ಸೊನ್ನೆ. ಕುಣಿಯುವ ಲಾರಿಯಿಂದ, ಕೆಟ್ಟುನಿಲ್ಲುವ ಗನ್ನಿನಿಂದ, ಓಡುವ ಹಕ್ಕಿಗಳ ಮೇಲೆ ನಡೆದ ಯುದ್ಧದ ಲೆಕ್ಕದಲ್ಲಿ ಒಂದು ಗುಂಡೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ವರ್ಷದ ಕೊನೆಯಲ್ಲಿ ದಾಸ್ತಾನು ಪುಸ್ತಕ ತುಂಬಿದ ಯಾವ ಸರ್ಕಾರಿ ನೌಕರನಿಗಾದರೂ ಈ ಸೊನ್ನೆಯ ಕೈಬರಹ ಪರಿಚಿತ. ನನ್ನ ದೃಷ್ಟಿಯಲ್ಲಿ ಆ ಯುದ್ಧದ ನಿಜವಾದ ಪವಾಡ ಎಮುವಿನ ವೇಗವಲ್ಲ, ಈ ಭಾಗಾಕಾರ.

ಇಲ್ಲಿ ಪೂರ್ವಪಕ್ಷ. ನಮ್ಮ ಚಿಕ್ಕಮ್ಮ ಸೊಪ್ಪು ಬಿಡಿಸುತ್ತ ಈ ಪ್ರಕರಣವನ್ನೆಲ್ಲ ಕೇಳಿ, "ಆಮೇಲೆ ಆ ರೈತರ ಗತಿ ಏನಾಯ್ತೋ?" ಎಂದು ಕೇಳಿದರು. ಶಾಸ್ತ್ರಕ್ಕೆ ಇಂಥ ಪ್ರಶ್ನೆ ಮಾರಕ. 'ಹೌದಾ!' ಎನ್ನುವ ಶ್ರೋತೃ ಉತ್ತಮ, 'ಸುಳ್ಳು' ಎನ್ನುವವನು ಮಧ್ಯಮ, 'ಆಮೇಲೆ?' ಎನ್ನುವವರನ್ನು ಪಂಕ್ತಿಯಲ್ಲಿ ಬೇರೆ ಸಾಲಿಗೆ ಕೂರಿಸಬೇಕು. ಉತ್ತರ ಹೇಳಲೇಬೇಕಾಗಿ ಬಂತು: ರೈತರಿಗೆ ಎಮು ಕೊಂದರೆ ಇನಾಮು ಎಂಬ ಪದ್ಧತಿ ಮುಂದುವರಿಯಿತು. 1934ರಲ್ಲಿ ಆರು ತಿಂಗಳೊಳಗೆ 57,034 ಇನಾಮುಗಳು ಪಾವತಿಯಾದವು. ಸೈನ್ಯದ ಕೈಲಾಗದ್ದನ್ನು ಕಾಸು ಮಾಡಿತು. "ಹಾಗಾದ್ರೆ ಸೋತಿದ್ದು ಹಕ್ಕಿಗಳೇ ಅನ್ನು" ಎಂದು ಚಿಕ್ಕಮ್ಮ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ಜಗತ್ಪ್ರಸಿದ್ಧವಾದ ಒಂದು ಕೌತುಕ ಹೀಗೆ ನಮ್ಮ ಮನೆಯಲ್ಲಿ ಅಸುನೀಗಿತು.

ಕಾಲಪ್ರಕರಣವನ್ನು ಬೇಗ ಮುಗಿಸುತ್ತೇನೆ. ಫೆಬ್ರವರಿ 30 ಎಂಬ ದಿನ ಸ್ವೀಡನ್ನಿನಲ್ಲಿ 1712ರಲ್ಲಿ ನಿಜವಾಗಿ ಬಂದುಹೋಗಿದೆ. ಹಳೆಯ ಪಂಚಾಂಗದಿಂದ ಹೊಸದಕ್ಕೆ ಮೆಲ್ಲಗೆ ಜಾರಿಕೊಳ್ಳೋಣವೆಂದು 1700ರಲ್ಲಿ ಒಂದು ಅಧಿಕ ದಿನ ಬಿಟ್ಟರು, ಮುಂದೆ ಬಿಡಬೇಕಾದಲ್ಲಿ ಬಿಡಲಿಲ್ಲ. ಯಾರ ಪಂಚಾಂಗಕ್ಕೂ ಹೊಂದದ ತಾರೀಖಿನಲ್ಲಿ ಸಿಕ್ಕಿಬಿದ್ದು, ಹಿಂದಕ್ಕೆ ಹೋಗಲು ಒಂದು ದಿನ ಹೆಚ್ಚು ಸೇರಿಸಬೇಕಾಯಿತು. ಕೈಸಾಲ ಮಾಡಿದವರು ಫೆಬ್ರವರಿ 30ಕ್ಕೆ ವಾಪಸು ಕೊಡುವುದಾಗಿ ಹೇಳುವ ಮುನ್ನ, ಸಾಲ ಕೊಟ್ಟವರು ಸ್ವೀಡನ್ನಿನ ಇತಿಹಾಸ ಓದಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಒಳಿತು.

ಅಲ್ಪಕಾಲದ ಯುದ್ಧವೊಂದನ್ನೂ ಇದೇ ಪ್ರಕರಣದಲ್ಲಿ ಹೇಳುವ ರೂಢಿಯಿದೆ. 1896ರ ಆಗಸ್ಟ್ 27ರಂದು ಜಾಂಜಿಬಾರಿನಲ್ಲಿ ಬ್ರಿಟಿಷರು ಮಾಡಿದ ಯುದ್ಧ 38 ನಿಮಿಷದಲ್ಲಿ ಮುಗಿಯಿತೆಂದು ಕೆಲವರು, 45 ಎಂದು ಕೆಲವರು. ನಮ್ಮ ಲೆಕ್ಕದಲ್ಲಿ ಎರಡೂ ಒಂದೇ: ಒಂದು ಮುಹೂರ್ತಕ್ಕೆ, ಎಂದರೆ 48 ನಿಮಿಷಕ್ಕೆ, ಕಡಿಮೆ. ಉಳಿದರ್ಧ: ತಮಗೆ ಬೇಡದವನು ಸುಲ್ತಾನನಾದನೆಂಬ ಕಾರಣಕ್ಕೆ ಅರಮನೆಯ ಮೇಲೆ ಹಡಗುಗಳಿಂದ ಫಿರಂಗಿ ಹಾರಿಸಿದರು, ಜಾಂಜಿಬಾರಿನ ಕಡೆ ಸುಮಾರು 500 ಮಂದಿ ಸತ್ತರು ಅಥವಾ ಗಾಯಗೊಂಡರು, ಬ್ರಿಟಿಷರ ಕಡೆ ಗಾಯಗೊಂಡದ್ದು ಒಬ್ಬ ನಾವಿಕ. ಇದನ್ನು ಹೋಳಿಗೆ ಬಡಿಸುವಾಗ ಹೇಳಬಾರದು ಎಂದಷ್ಟೇ ಶಾಸ್ತ್ರ ವಿಧಿಸುತ್ತದೆ.

ಕಡೆಯದು ಸ್ವದೇಶಪ್ರಕರಣ. ಜಗತ್ತಿನ ಯಾವ ಕೌತುಕವನ್ನೂ ಎರಡು ಮೂರು ಮಾತಿನೊಳಗೆ ಕರ್ನಾಟಕಕ್ಕೆ ತಂದು ಮುಟ್ಟಿಸುವುದು ಕನ್ನಡ ಪರಂಪರೆಯ ವಿಶೇಷ. ಇದಕ್ಕೆ ಶುದ್ಧ ಸಾಮಗ್ರಿ ಬೇಕಾದಷ್ಟಿದೆ. ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ 1991ರಿಂದ ಇಗ್ ನೊಬೆಲ್ ಎಂಬ ಬಹುಮಾನ ಕೊಡುತ್ತಾರೆ. 2001ರ ಸಾರ್ವಜನಿಕ ಆರೋಗ್ಯದ ಬಹುಮಾನ ಬಂದದ್ದು ಬೆಂಗಳೂರಿನ ನಿಮ್ಹಾನ್ಸ್‌ನ ಚಿತ್ತರಂಜನ್ ಆಂಡ್ರೇಡ್ ಮತ್ತು ಬಿ.ಎಸ್. ಶ್ರೀಹರಿ ಎಂಬ ವೈದ್ಯರಿಗೆ. ಬೆಂಗಳೂರಿಗೆ ಇಗ್ ನೊಬೆಲ್ ಎಂದು ಎದೆಯುಬ್ಬಿಸಿ ನಿಲ್ಲಿಸುವವರೇ ಹೆಚ್ಚು. ಉಳಿದರ್ಧ: ಅವರು ನಗರದ ಶಾಲೆಗಳ 200 ಮಕ್ಕಳನ್ನು ಕೇಳಿ, ಹದಿಹರೆಯದವರಲ್ಲಿ ಮೂಗಿನಲ್ಲಿ ಬೆರಳಾಡಿಸುವುದು ಸರ್ವೇಸಾಮಾನ್ಯ, ಅದೂ ದಿನಕ್ಕೆ ನಾಲ್ಕು ಬಾರಿಯಷ್ಟು ಎಂದು ಕಂಡುಕೊಂಡಿದ್ದರು. ಅಭ್ಯಾಸ ಎಲ್ಲಿ ಮುಗಿಯುತ್ತದೆ, ಕಾಯಿಲೆ ಎಲ್ಲಿ ಶುರುವಾಗುತ್ತದೆ ಎಂಬುದು ಮನೋವೈದ್ಯರಿಗೆ ನಿಜವಾಗಿಯೂ ಬೇಕಾದ ಲೆಕ್ಕ. ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಒಪ್ಪಿಕೊಂಡರಂತೆ. ನಮ್ಮ ಊರಿನ ಮಕ್ಕಳ ಸತ್ಯನಿಷ್ಠೆಗೆ ಇದಕ್ಕಿಂತ ದೊಡ್ಡ ದಾಖಲೆ ನಾನು ಕಂಡಿಲ್ಲ.

ಇನ್ನು ಮುಕುಟಮಣಿ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಕಸದ ದಿಬ್ಬಗಳನ್ನು ಅಗೆದಾಗ ಸಿಕ್ಕ ಪಪೈರಸ್‌ಗಳಲ್ಲಿ 413ನೆಯದು ಒಂದು ಗ್ರೀಕ್ ನಾಟಕ, ಸುಮಾರು ಎರಡನೆಯ ಶತಮಾನದ್ದು. ಅದರಲ್ಲಿ ಭಾರತದ ಕಡಲತೀರದ ರಾಜ ಮತ್ತವನ ಪರಿವಾರ ಆಡುವ ಮಾತು ಕನ್ನಡವೇ ಇರಬೇಕೆಂದು 1904ರಲ್ಲಿ ಶಾಸನತಜ್ಞ ಹುಲ್ಟ್ಸ್ ಸೂಚಿಸಿದರು. ಮಂಜೇಶ್ವರದ ಗೋವಿಂದ ಪೈಗಳೂ ಅದರ ಬೆನ್ನು ಹತ್ತಿದರು. ಒಪ್ಪದ ವಿದ್ವಾಂಸರೂ ಇದ್ದಾರೆ. ಹಲ್ಮಿಡಿ ಶಾಸನಕ್ಕೂ ಶತಮಾನಗಳ ಮುಂಚೆ, ಸಮುದ್ರದಾಚೆಯ ರಂಗಭೂಮಿಯಲ್ಲಿ ಕನ್ನಡ! ಇಲ್ಲಿಗೆ ಚಪ್ಪಾಳೆ.

ಉಳಿದರ್ಧ ಹೀಗಿದೆ. ಅದು ಪ್ರಹಸನ. ನಾಯಕಿ ಖಾರಿಟಿಯನ್ ಎಂಬ ಗ್ರೀಕ್ ಹೆಣ್ಣನ್ನು ಬಲಿಕೊಡಲು ಹೊರಟ ರಾಜನಿಗೂ ಅವನ ಬಳಗಕ್ಕೂ ಅವಳ ಕಡೆಯವರು ನೀರು ಬೆರೆಸದ ಮದ್ಯ ಕುಡಿಸುತ್ತಾರೆ. ಅಂದರೆ ಕನ್ನಡವೆಂದು ನಾವು ಹೆಮ್ಮೆಪಡುವ ಮಾತುಗಳಲ್ಲಿ ಒಂದು ಪಾಲು ಕುಡಿದವರ ಬಾಯಿಂದ ಬಂದದ್ದು. ಗ್ರೀಕರ ಕಡೆಯ ವಿದೂಷಕನ ಆಯುಧವಂತೂ ಅಪಾನವಾಯು. ಅದನ್ನೇ ದೇವಿಯೆಂದು ಕರೆದು, ತಾನು ಜೀವಸಹಿತ ಪಾರಾದರೆ ಬೆಳ್ಳಿಯ ವಿಗ್ರಹ ಮಾಡಿಸುತ್ತೇನೆಂದು ಹರಕೆ ಹೊರುತ್ತಾನೆ. ಹಸ್ತಪ್ರತಿಯಲ್ಲಿ ವಾದ್ಯ ಬಾರಿಸಬೇಕಾದ ಜಾಗಗಳಿಗೆ ಗುರುತುಗಳೂ ಇವೆ. ಬರೆದವರು ಮೇಳದ ಶಿಸ್ತು ಬಲ್ಲವರು.

ವಿನಿಯೋಗ: ಮೊದಲರ್ಧವನ್ನು ನವೆಂಬರ್ ಒಂದರಂದು ಶಾಲು ಹೊದ್ದು ವೇದಿಕೆಯ ಮೇಲಿನಿಂದ ಹೇಳತಕ್ಕದ್ದು. ಎರಡನೆಯ ಅರ್ಧವನ್ನು ಅದೇ ದಿನ, ಅದೇ ಶಾಲಿನಲ್ಲಿ, ವೇದಿಕೆಯ ಹಿಂದೆ ಕಾಫಿ ಲೋಟ ಹಿಡಿದು ನಿಂತಾಗ ಹೇಳತಕ್ಕದ್ದು. ಮೈಕು ಆಫ್ ಆಗಿದೆಯೇ ಎಂದು ಮಾತ್ರ ಮೊದಲು ನೋಡಿಕೊಳ್ಳಬೇಕು.