ಮುಕ್ಕಾಲಿ ರಾಯರು

ಗಣಪತಿ ಕೂರಿಸುವುದಕ್ಕೆ ವರ್ಷಕ್ಕೊಂದೇ ಮುಹೂರ್ತ. ನಮ್ಮ ರಸ್ತೆಯ ರಾಯರಿಗೆ ಕ್ಯಾಮೆರಾ ಕೂರಿಸುವುದಕ್ಕೆ ಪ್ರತಿ ಭಾನುವಾರವೂ ಮುಹೂರ್ತವೇ. ಬೆಳಿಗ್ಗೆ ಏಳಕ್ಕೆ ತಾರಸಿಯಿಂದ ಟ್ರೈಪಾಡಿನ ಕಾಲುಗಳು ಟಕ್ ಟಕ್ಕೆಂದು ಬಿಚ್ಚಿಕೊಳ್ಳುವ ಸದ್ದು ಕೇಳಿದರೆ ಸಾಕು, ಅವರ ಮನೆಯಾಕೆ ಉಪ್ಪಿಟ್ಟಿಗೆ ಎಸರಿಡುವುದನ್ನು ಒಂದು ಗಂಟೆ ಮುಂದಕ್ಕೆ ಹಾಕುತ್ತಾರೆ. ಹುಡುಗರು ಅವರಿಗಿಟ್ಟ ಹೆಸರು ಮುಕ್ಕಾಲಿ ರಾಯರು. ಅದು ಅವರಿಗೂ ಗೊತ್ತು, ಬೇಜಾರಿಲ್ಲ. “ನಾಲ್ಕು ಕಾಲಿನದು ಕುಂಟುತ್ತೆ ಕಣ್ರೀ, ಮೂರು ಕಾಲಿನದು ಎಲ್ಲಿಟ್ಟರೂ ಕುಂಟೋದಿಲ್ಲ” ಎನ್ನುತ್ತಾರೆ.

ಇಂಥವರು ಈಗ ಬೆಂಗಳೂರಿನಲ್ಲಿ ಬಡಾವಣೆಗೊಬ್ಬರಾದರೂ ಇದ್ದಾರು. ನಿವೃತ್ತಿಯಾಗಿ, ಮಕ್ಕಳು ದಡ ಸೇರಿ, ಸಕ್ಕರೆ ಹತೋಟಿಗೆ ಬಂದು, ಇದ್ದಕ್ಕಿದ್ದಂತೆ ಫಿಲ್ಮಿನ ಕಡೆ ತಿರುಗಿದವರು. ಫೋನಿನಲ್ಲಿ ತೆಗೆಯುವುದು ಅವರ ಲೆಕ್ಕದಲ್ಲಿ ಫೋಟೋ ಅಲ್ಲ, ಝೆರಾಕ್ಸ್. ಡಿಜಿಟಲ್ ಎಂದಿರೋ, ಏಕಾದಶಿಯ ದಿನ ಈರುಳ್ಳಿ ಬಜ್ಜಿಯ ಸುದ್ದಿ ಎತ್ತಿದಂತೆ ಮುಖ ಮಾಡುತ್ತಾರೆ.

ರಾಯರದು ಮಾವನ ಮನೆಯಿಂದ ಬಂದ ರೋಲಿಫ್ಲೆಕ್ಸ್. ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ 1929ರಲ್ಲಿ ಶುರುವಾದ ವಂಶ. ಒಂದರ ಕೆಳಗೊಂದು ಎರಡು ಕಣ್ಣು. ಮೇಲಿನದು ನಮಗೆ, ಕೆಳಗಿನದು ಫಿಲ್ಮಿಗೆ. 120ರ ಒಂದು ರೋಲಿಗೆ ಹನ್ನೆರಡೇ ಚೌಕ ಚಿತ್ರ. ಹೋಮಾಯಿ ವ್ಯಾರಾವಾಲಾ ಸೀರೆಯುಟ್ಟು ಇಂಥದ್ದನ್ನೇ ಹಿಡಿದು ದೆಹಲಿಯಲ್ಲಿ ನೆಹರೂ ಅವರ ಫೋಟೋ ತೆಗೆದರು. ವಿವಿಯನ್ ಮಯರ್ ಇಂಥದ್ದನ್ನೇ ಕೊರಳಿಗೆ ಹಾಕಿಕೊಂಡು ಷಿಕಾಗೋದ ಬೀದಿ ಸುತ್ತಿದರು. ಇದನ್ನೆಲ್ಲ ನನಗೆ ಹೇಳಿಕೊಟ್ಟವರು ರಾಯರೇ. “ಬೀದಿಗೆ ಅವರೂ ಟ್ರೈಪಾಡ್ ಹೊತ್ತಿದ್ದರಾ ಸಾರ್?” ಎಂದು ಕೇಳಿದ್ದು ನನ್ನ ತಪ್ಪು. ಎರಡು ದಿನ ಮಾತು ಬಿಟ್ಟರು.

ಮೊದಲ ವರ್ಷ ಪೂರ್ತಿ ತಿರುಪಿಗೇ ಹೋಯಿತು. ಟ್ರೈಪಾಡಿನ ತಿರುಪು ಕಾಲು ಇಂಚಿನದು, ಯೂರೋಪಿನ ಈ ಹಳೆಯ ಕ್ಯಾಮೆರಾದ ತೂತು 3/8 ಇಂಚಿನದು. ಅಣ್ಣನ ಚಪ್ಪಲಿಯಲ್ಲಿ ತಮ್ಮನ ಕಾಲು. ನಡುವೆ ಹಿತ್ತಾಳೆಯ ಒಂದು ಬುಷ್ ಬೇಕು: ಒಳಗೆ ಇಂಚಿಗೆ 20 ಥ್ರೆಡ್, ಹೊರಗೆ 16. ಅದಕ್ಕಾಗಿ ಎಸ್.ಪಿ. ರಸ್ತೆಯಲ್ಲಿ ಮೂರು ಶನಿವಾರ ಅಲೆದೆವು. ಒಬ್ಬ ನಲ್ಲಿಯ ವಾಷರ್ ಕೊಟ್ಟ, ಇನ್ನೊಬ್ಬ ಕುಕ್ಕರಿನದೇನನ್ನೋ ತಂದ. ವಿಟ್ವರ್ತ್ ಎಂಬ ಇಂಗ್ಲಿಷ್ ಮಹಾಶಯ 1841ರಲ್ಲೇ ತಿರುಪುಗಳಿಗೆಲ್ಲ ಲೆಕ್ಕ ಬರೆದಿಟ್ಟಿದ್ದಾನೆಂದು ರಾಯರು ಕೌಂಟರಿನ ಮುಂದೆ ನಿಂತು ಉಪನ್ಯಾಸ ಕೊಟ್ಟರು. ಅಂಗಡಿಯವನು ಪೂರ್ತಿ ಕೇಳಿಸಿಕೊಂಡು, “ಹಾಗಾದ್ರೆ ಅವರ ಅಂಗಡೀಲೇ ವಿಚಾರಿಸಿ ಸಾರ್” ಎಂದ. ಕೊನೆಗೆ ಪೀಣ್ಯದಲ್ಲಿ ಲೇತ್ ಇಟ್ಟುಕೊಂಡ ಒಬ್ಬ ಪುಣ್ಯಾತ್ಮ ಕಡೆದುಕೊಟ್ಟ. ಎಷ್ಟಾಯಿತೆಂದು ಕೇಳಬೇಡಿ, ಮನೆಯಾಕೆಗೆ ಇನ್ನೂ ಹೇಳಿಲ್ಲ. ಹೆಬ್ಬೆಟ್ಟಿನ ಉಗುರಿಗಿಂತ ಚಿಕ್ಕದಾದ ಆ ಬುಷ್‌ಗೆ ಕುಂಕುಮದ ಭರಣಿಯೇ ಮನೆಯಾಯಿತು.

ಕೂರಿಸುವ ಕ್ರಮ ಕೇಳಿ. ಮೊದಲು ದಪ್ಪ ಕಾಲು ಬಿಚ್ಚಬೇಕು, ಸಣಕಲು ಕಾಲು ಕೊನೆಗೆ. ಒಂದು ಕಾಲು ಲೆನ್ಸಿನ ಕೆಳಗೆ ಮುಂದಕ್ಕೆ ಚಾಚಿರಬೇಕು. ಮಟ್ಟದ ಗುಳ್ಳೆ ನಡುವೆ ನಿಲ್ಲಬೇಕು. ಅದು ನಿಲ್ಲುವ ಹೊತ್ತಿಗೆ ಬೆಳಕು ಮುಂದಿನ ಬೀದಿಗೆ ಹೋಗಿರುತ್ತದೆ. ಈ ಕ್ಯಾಮೆರಾವನ್ನು ಹೊಟ್ಟೆಯ ಮಟ್ಟದಲ್ಲಿಟ್ಟು ಬಗ್ಗಿ ನೋಡಬೇಕು. ಆದರೆ ರಾಯರು ಕೊಂಡ ಟ್ರೈಪಾಡ್ ಆರಡಿ ಏರುತ್ತದೆ, ಕಾಸು ಕೊಟ್ಟ ಮೇಲೆ ಪೂರ್ತಿ ಏರಿಸಲೇಬೇಕು. ಹಾಗಾಗಿ ಪಕ್ಕದಲ್ಲೊಂದು ಸ್ಟೂಲು, ಸ್ಟೂಲಿನ ಮೇಲೆ ರಾಯರು, ಸ್ಟೂಲು ಹಿಡಿಯಲು ನಾನು.

ಕಳೆದ ಯುಗಾದಿಗೆ ತಾರಸಿಯ ಮೇಲೆ ಮನೆಮಂದಿ ಹದಿನಾಲ್ಕು ಜನ ಸಾಲಾಗಿ ನಿಂತರು. ಅಜ್ಜಿಗೆ ಮಾತ್ರ ಕುರ್ಚಿ. ಈ ಕ್ಯಾಮೆರಾದ ಗಾಜಿನಲ್ಲಿ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. ರಾಯರು ಎಡಕ್ಕೆ ಎಂದರೆ ಎಲ್ಲರೂ ರಾಯರ ಎಡಗೈ ಕಡೆಗೆ ಸರಿದರು, ಗಾಜಿನಲ್ಲಿ ಎಲ್ಲರೂ ಬಲಕ್ಕೆ ಹೋದರು. “ಅಯ್ಯೋ, ಆ ಎಡ ಅಲ್ಲ!” ಹೀಗೆ ಅರ್ಧ ಗಂಟೆ ಸಂಸಾರವೇ ಕೋಲಾಟವಾಡಿತು. ಕೇಬಲ್ ರಿಲೀಸ್ ಬೆರಳಿಗೆ ಬಂತು. ಉಸಿರು ಬಿಗಿಹಿಡಿದೆವು. ರಾಯರು ಕೆಳಗಿಳಿದು, ಎಣಿಕೆಯ ಕಿಟಕಿಗೆ ಕಣ್ಣಿಟ್ಟು, ಹಾಗೇ ನಿಂತರು. ಅಲ್ಲಿ ಅಂಕಿಯೇ ಇಲ್ಲ. ಫಿಲ್ಮೇ ಹಾಕಿರಲಿಲ್ಲ.

ಹಾಕಿದರಾಯಿತು ಎನ್ನುತ್ತೀರಿ. ಈ ಕ್ಯಾಮೆರಾದ ಬೆನ್ನಿನ ಬಾಗಿಲ ಚಿಲಕ ಇರುವುದು ಅಡಿಯಲ್ಲಿ, ಟ್ರೈಪಾಡಿನ ತೂತಿನ ಸುತ್ತ. ಕೂರಿಸಿದ ದೇವರನ್ನು ಎಬ್ಬಿಸದೆ ನೈವೇದ್ಯ ಮಾಡುವಂತಿಲ್ಲ. ರಾಯರು ನಡುಗುವ ಕೈಯಲ್ಲಿ ತಿರುಪು ಸಡಿಲಿಸಿದರು. ಕ್ಯಾಮೆರಾ ಕೈಗೆ ಬಂತು. ಬುಷ್ ಜಾರಿ, ಉರುಳಿ, ಮಳೆನೀರಿನ ಕೊಳವೆಯೊಳಗೆ ಹೋಯಿತು.

ಅಷ್ಟರಲ್ಲಿ ಮೊಮ್ಮಗಳು ಫೋನಿನಲ್ಲಿ ಒಂದು ತೆಗೆದೇ ಬಿಟ್ಟಿದ್ದಳು. ಅದರಲ್ಲಿ ಎಲ್ಲರೂ ನಗುತ್ತಿದ್ದಾರೆ, ಎಂದೂ ನಗದ ಅಜ್ಜಿ ಕೂಡ. ಮುಂದೆ ರಾಯರು ಮಂಡಿಯೂರಿ, ತೋಳಿನವರೆಗೆ ಕೈಯನ್ನು ಕೊಳವೆಗೆ ತೂರಿಸಿದ್ದಾರೆ. ಆ ಝೆರಾಕ್ಸಿಗೆ ಫ್ರೇಮ್ ಹಾಕಿಸಿ ಹಾಲಿನ ಗೋಡೆಗೆ ತೂಗುಹಾಕಿದ್ದಾರೆ. ಮೊಳೆ ಹೊಡೆದವನು ನಾನು, ಎರಡು ನಿಮಿಷ. ಮಟ್ಟ ನೋಡಿದವರು ರಾಯರು, ನಲವತ್ತು ನಿಮಿಷ.