ಮುಖ ನೋಡಿ ಮಣೆ

ಇಂಗ್ಲಿಷರಿಗೆ ಮುಖದ ಹುಚ್ಚು ಎಷ್ಟೆಂದರೆ ಗಡಿಯಾರಕ್ಕೂ ಮುಖ ಕೊಟ್ಟರು, ಬೆಟ್ಟಕ್ಕೂ ಕೊಟ್ಟರು, ನೋಟಿನ ಬೆಲೆಗೂ ಕೊಟ್ಟರು. ಕಟ್ಟಡದ ಮುಂಭಾಗ ಫಸಾಡ್, ವಜ್ರದ ಒಂದೊಂದು ಪಟ್ಟೆಯೂ ಫ್ಯಾಸೆಟ್, ಗೋಡೆಯ ಅಂದ ಕೆಡಿಸಿದರೆ ಡಿಫೇಸ್, ಪಾರ್ಲರಿಗೆ ಹೋಗಿ ಬಂದರೆ ಫೇಶಿಯಲ್. ಫೇಸಿಗೆ ಮೊದಲು ಒಂದು 'ಸರ್' ಅಂಟಿಸಿದರೆ ಸರ್ಫೇಸ್. ಈ ಸರ್ ಅಂದರೆ ಫ್ರೆಂಚಿನಲ್ಲಿ 'ಮೇಲೆ' ಅಂತ. ನಮ್ಮ ಕಚೇರಿಗಳಲ್ಲಿ ಮೇಲಿರುವವರನ್ನೆಲ್ಲ ಸರ್ ಅನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ; ಇದ್ದಿದ್ದರೆ ಚೆನ್ನಾಗಿರುತ್ತಿತ್ತು. ಇಷ್ಟಕ್ಕೂ ಮೂಲ ಲ್ಯಾಟಿನ್ನಿನ 'ಫೇಶಿಯೆಸ್'. ಅದು 'ಮಾಡು' ಎಂಬ ಧಾತುವಿನಿಂದ ಹುಟ್ಟಿತೆಂದು ನಿಘಂಟಿನವರು ಹೇಳುತ್ತಾರೆ. ಅಂದರೆ ಅವರ ಮುಖ ಮಾಡಿಕೊಂಡದ್ದು. ನಮ್ಮ ಮುಖವೋ, ಸಂಸ್ಕೃತದಲ್ಲಿ ಮೊದಲು ಬಾಯಿ, ಆಮೇಲೆ ಮುಖ. ನಮ್ಮ ಮುಖಂಡರನ್ನು ನೋಡಿದರೆ ಈ ವ್ಯುತ್ಪತ್ತಿಗೆ ಬೇರೆ ಸಾಕ್ಷಿ ಬೇಡ.

ಹಾಗಂತ ಫೇಸ್ ಕಂಡದ್ದೆಲ್ಲ ಆ ಮನೆಯದಲ್ಲ. ಪುಸ್ತಕದ ಮೊದಲಿಗೆ ಬರುವ 'ಪ್ರಿಫೇಸ್'ಗೆ ಮುಖದ ನೆಂಟಸ್ತನವೇ ಇಲ್ಲ, ಅದು 'ನುಡಿ'ಯ ಕುಲದ್ದು. ಚುನಾವಣೆ ಹೊತ್ತಿಗೆ ಹೊರಗಿನಿಂದ ಬಂದು 'ನಾನೂ ಕೋಲಾರದವನೇ' ಎಂದು ಕೈಮುಗಿಯುವ ಅಭ್ಯರ್ಥಿಯ ಥರ.

ಈ ಫೇಸು ಕೋಲಾರಕ್ಕೆ ಬಂದದ್ದು 1880ರಲ್ಲಿ, ಚಿನ್ನ ತೋಡಲು ಬಂದ ಜಾನ್ ಟೇಲರ್ ಕಂಪನಿಯ ಜೊತೆ. ಗಣಿಯ ಭಾಷೆಯಲ್ಲಿ ಫೇಸ್ ಅಂದರೆ ಸುರಂಗದ ಕೊನೆಗೆ ಎದುರಾಗುವ ಬಂಡೆ, ರಂಧ್ರ ಕೊರೆದು ಸಿಡಿಮದ್ದು ತುಂಬುವ ಜಾಗ. ಚಾಂಪಿಯನ್ ರೀಫ್ ಗಣಿಯಲ್ಲಿ ಅದು ನೆಲದಿಂದ ಮೂರು ಕಿಲೋಮೀಟರಿಗೂ ಕೆಳಗಿತ್ತು. ಅಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ದಾಟುತ್ತಿತ್ತು. ಸರ್ಫೇಸ್ ಮೇಲೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. 1902ರಲ್ಲಿ ಶಿವನಸಮುದ್ರದಿಂದ ಕರೆಂಟೂ ಬಂತು. 'ಲಿಟಲ್ ಇಂಗ್ಲೆಂಡ್' ಎಂಬ ಮುದ್ದಿನ ಹೆಸರು ಸಿಕ್ಕಿದ್ದು ಈ ಮೇಲ್ಮೈಗೆ. ಕೆಳಗೆ ಬೆವರಿಳಿಸಿ ಬಂಡೆ ಒಡೆದವರ ಲೈನ್‌ಮನೆಗಳಿಗೆ ಇಂಗ್ಲೆಂಡಿನ ಹೆಸರಿಡುವ ಧೈರ್ಯ ಯಾರಿಗೂ ಆಗಲಿಲ್ಲ. ಸುಮಾರು 800 ಟನ್ ಚಿನ್ನ ಹೊರಟುಹೋಯಿತು, 2001ರಲ್ಲಿ ಗಣಿಗೆ ಬೀಗ ಬಿತ್ತು, ಊರಿಗೆ ಉಳಿದದ್ದು ಚಿನ್ನ ತೆಗೆದ ಅದಿರಿನ ಪುಡಿ ರಾಶಿಬಿದ್ದ ಸೈನೈಡ್ ದಿಬ್ಬ. ಗಾಳಿ ಎದ್ದರೆ ಅದರ ದೂಳು ಮನೆಯೊಳಗೆ. ಸಿನಿಮಾದವರಿಗೆ ಮಾತ್ರ ಒಳ್ಳೆಯ ಲೊಕೇಶನ್. ನಮ್ಮ ದಿಬ್ಬ ತೆರೆಯ ಮೇಲೆ ಬಹಳ ಚೆನ್ನಾಗಿ ಕಾಣುತ್ತದಂತೆ.

ಚಿನ್ನ ಹೋದ ಮೇಲೆ ಕೋಲಾರದ ಚಿನ್ನ ಟೊಮ್ಯಾಟೊ. ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸಿನ ಮೇಲಿನ ಸಾಲಷ್ಟೇ ಹರಾಜಿಗೆ ನಿಲ್ಲುತ್ತದೆ. ಕೆಳಗಿನ ಸಾಲುಗಳ ಭವಿಷ್ಯವನ್ನು ಮೇಲಿನ ಸಾಲಿನ ಕೆಂಪು ಕೆನ್ನೆ ನಿರ್ಧರಿಸುತ್ತದೆ. 2023ರ ಜುಲೈನಲ್ಲಿ ಬಾಕ್ಸಿಗೆ ಎರಡು ಸಾವಿರ ದಾಟಿದಾಗ ಮಾತ್ರ ಯಾರೂ ಮುಖ ನೋಡಲಿಲ್ಲ, ಮಚ್ಚೆ ಇದ್ದದ್ದೂ ಮದುವಣಗಿತ್ತಿಯೇ. ಶ್ರೀನಿವಾಸಪುರದ ಮಾವಿಗೂ ಇದೇ ಪಾಡು, ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಿತ್ತೋ ಬೆಲೆ ಅರ್ಧ. ಸಿಪ್ಪೆಯ ಅಂದ ಕೇಳದೆ ತಿರುಳಿಗೆ ದುಡ್ಡು ಕೊಡುವುದು ಪಲ್ಪ್ ಫ್ಯಾಕ್ಟರಿಯೊಂದೇ. ಅವು ಹೆಚ್ಚಾಗಿರುವುದು ಗಡಿಯಾಚೆ ಚಿತ್ತೂರಿನಲ್ಲಿ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ಬರಕೂಡದೆಂದು ಗೇಟು ಹಾಕಿತು. ಅಲ್ಲಿ ಹಣ್ಣಿನ ಮುಖ ನೋಡಲಿಲ್ಲ ನಿಜ, ಲಾರಿಯ ನಂಬರ್ ಪ್ಲೇಟ್ ನೋಡಿದರು.

ಊರೊಳಗೆ ಬನ್ನಿ. ತೆರೆದ ಜಾಗಗಳ ಅಂದ ಕೆಡಿಸಬಾರದೆಂದು 1981ರಲ್ಲೇ ರಾಜ್ಯ ಕಾಯ್ದೆ ಮಾಡಿದೆ. ಮುಳಬಾಗಿಲಿನಿಂದ ಮಾಲೂರಿನವರೆಗೆ ಯಾವ ಸರ್ಕಲ್‌ನಲ್ಲಾದರೂ ನಿಲ್ಲಿ, ಗೋಡೆಯ ಮುಖ ಕೆಡಿಸಿರುವುದೆಲ್ಲ ಮುಖಗಳೇ. ಹುಟ್ಟುಹಬ್ಬದ ಅಣ್ಣನ ಮುಖ ದೊಡ್ಡದು, ಹಾರೈಸುವ ತಮ್ಮಂದಿರದು ಪಾಸ್‌ಪೋರ್ಟ್ ಸೈಜು. ಫ್ಲೆಕ್ಸ್ ಹರಿದು ಬಿದ್ದಮೇಲೆ ಅದೇ ಅಣ್ಣ ಯಾರದೋ ಮನೆಯ ಸೌದೆಗೆ ಹೊದಿಕೆ. ಐದು ವರ್ಷದಲ್ಲಿ ಮಾಡಿದ ಏಕೈಕ ಜನಸೇವೆ ಎನ್ನಬಹುದು.

ಇನ್ನು ನರಸಾಪುರ. ಒಡೆಯನ ಮುಖ ಕಂಡರಷ್ಟೇ ಬೀಗ ತೆರೆಯುವ ಐಫೋನು ಇಲ್ಲೇ ಜೋಡಣೆಯಾಗುತ್ತದೆ. 2020ರ ಡಿಸೆಂಬರ್ 12ರಂದು, ಕಾರ್ಖಾನೆ ವಿಸ್ಟ್ರಾನ್ ಕೈಲಿದ್ದಾಗ, ಸಂಬಳ ಸರಿಯಾಗಿ ಕೊಟ್ಟಿಲ್ಲವೆಂದು ಕಾರ್ಮಿಕರು ಸಿಡಿದೆದ್ದರು, ಗಾಜು ಪುಡಿಯಾಯಿತು. ಗಾಜು ಒಡೆದದ್ದು ತಪ್ಪೇ. ಆದರೆ ಸಂಬಳದಲ್ಲಿ, ಹಾಜರಿ ಲೆಕ್ಕದಲ್ಲಿ ಲೋಪಗಳಿದ್ದವೆಂದು ಸರ್ಕಾರದ ಇಲಾಖೆಯೇ ಆಮೇಲೆ ಹೇಳಿತು. ಕೋಟಿ ಮುಖಗಳ ನಡುವೆ ಒಡೆಯನ ಮುಖ ಹುಡುಕಬಲ್ಲ ಯಂತ್ರ ತಯಾರಾಗುವ ಕಡೆ, ಅದನ್ನು ಜೋಡಿಸಿದವನ ಹಾಜರಿ ಹುಡುಕಲಾಗಲಿಲ್ಲ. ಈಗ ಕಾರ್ಖಾನೆ ಟಾಟಾದವರದು. ಮುಖ ಕೇಳುವುದು ಐಫೋನೊಂದೇ ಅಲ್ಲ, ಈಚೆಗೆ ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರೂ ಪೌಷ್ಟಿಕ ಆಹಾರದ ಪೊಟ್ಟಣಕ್ಕೆ ಮೊಬೈಲಿಗೆ ಮುಖ ತೋರಿಸಬೇಕು. 'ಅಕ್ಕಾ, ಇನ್ನೊಂದು ಸಲ ನೋಡಿ, ನೆಟ್‌ವರ್ಕ್ ಇಲ್ಲ' ಎಂದರೆ ಹಸಿದವಳು ಮತ್ತೊಮ್ಮೆ ಕಣ್ಣು ಮಿಟುಕಿಸಬೇಕು.

ಎಲ್ಲಕ್ಕಿಂತ ದೊಡ್ಡ ಮೇಕಪ್ಪು ನೀರಿನದು. ವರ್ಷವಿಡೀ ಹರಿಯುವ ನದಿಯಿಲ್ಲದ, ಬೋರ್‌ವೆಲ್ ಸಾವಿರ ಅಡಿ ದಾಟಿದ ಜಿಲ್ಲೆಗೆ ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿ ಕಳಿಸುವ ಯೋಜನೆ ಕೆ.ಸಿ. ವ್ಯಾಲಿ. 126 ಕೆರೆ ತುಂಬಿಸುವ ಲೆಕ್ಕ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂದಾಗ ಹಿಗ್ಗದವರಿಲ್ಲ. ಜುಲೈನಲ್ಲಿ ಕೆರೆಯ ಮೋರೆ ತುಂಬ ನೊರೆ. ಹೈಕೋರ್ಟು ತಡೆ ಕೊಟ್ಟಿತು, ಆಮೇಲೆ ತೆರವಾಯಿತು, ನೀರು ಮತ್ತೆ ಹರಿಯಿತು. ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಮೇಲೆದ್ದದ್ದು ನಿಜ, ರೈತ ಉಸಿರಾಡಿದ್ದೂ ನಿಜ. ಅದನ್ನು ಅಲ್ಲಗಳೆಯುವುದು ಬೆಂಗಳೂರಿನಲ್ಲಿ ಕೂತು ಕಾವೇರಿ ಕುಡಿಯುವವರಿಗೆ ಮಾತ್ರ ಸಾಧ್ಯ. ಆದರೆ ಈ ನೀರಿಗೆ ಆಗಿದ್ದು ಎರಡೇ ಹಂತದ ಶುದ್ಧೀಕರಣ. ಎರಡು ಸಲ ಮುಖ ತೊಳೆಸಿದವರಿಗೆ ಮೂರನೇ ಸಲಕ್ಕೆ ಕೈ ಬರಲಿಲ್ಲ. ನೆಲವೇ ಸೋಸಿಕೊಳ್ಳುತ್ತದೆ ಬಿಡಿ ಎಂಬುದು ಸಮಾಧಾನ. ಸೈನೈಡ್ ದಿಬ್ಬವನ್ನೂ ಹೀಗೇ ನೆಲಕ್ಕೆ ಬಿಟ್ಟಿದ್ದರಲ್ಲ!

ಆದ್ದರಿಂದ ಕೋಲಾರದ ಬಂಧುಗಳೇ, ತುಂಬಿದ ಕೆರೆಯ ಮುಂದೆ ಸೆಲ್ಫಿ ತೆಗೆಯಿರಿ, ತಪ್ಪಿಲ್ಲ. ಹಾಗೇ ಮುಂದಿನ ಗ್ರಾಮಸಭೆಯಲ್ಲಿ ಎದ್ದುನಿಂತು ನಿಮ್ಮೂರ ಬೋರ್‌ವೆಲ್ ನೀರಿನ ಪರೀಕ್ಷಾ ವರದಿ ಕೊಡಿ ಅನ್ನಿ. ಮೂರನೇ ಹಂತದ ಶುದ್ಧೀಕರಣ ಯಾವ ತಿಂಗಳು ಶುರು ಎಂದು ಬರವಣಿಗೆಯಲ್ಲಿ ಕೇಳಿ.