ಗೋವಾದಲ್ಲಿ ತಾರಸಿ ಸೋರದಂತೆ ಡಾಂಬರು ಮೆಂಬ್ರೇನ್ ಹಾಕಿಸುವ ಕ್ರಮ

ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಬಿಸಿಲು ಚೆನ್ನಾಗಿರುತ್ತದೆ, ಸ್ಲ್ಯಾಬ್ ಒಣಗಿರುತ್ತದೆ. ಆಗ ಈ ಕೆಲಸದ ಸುದ್ದಿಗೇ ಹೋಗಬೇಡಿ. ಟೈಲ್ಸ್ ಬಣ್ಣ ಆರಿಸುವುದಿರುತ್ತದೆ. ಮೇ ಕೊನೆಯ ವಾರ ಪಶ್ಚಿಮಕ್ಕೆ ಮೋಡ ಕಟ್ಟಿದ ಮೇಲೆ ಕಂಟ್ರಾಕ್ಟರಿಗೆ ಫೋನ್ ಮಾಡಿ. ಜೂನ್ ಮೊದಲ ವಾರ ಮಳೆ ಹಿಡಿಯುತ್ತದೆ, ನಾಲ್ಕು ತಿಂಗಳಲ್ಲಿ ಸುಮಾರು 3000 ಮಿಲಿಮೀಟರ್ ಸುರಿಯುತ್ತದೆ.

ಆಳುಗಳು ವಾಸ್ಕೋದ ಬೈನಾದಿಂದಲೋ ಝುವಾರಿನಗರದಿಂದಲೋ ಬರುತ್ತಾರೆ. ಊರು ಕೇಳಿದರೆ ಗದಗ, ಬಾಗಲಕೋಟೆ, ವಿಜಯಪುರ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಸೀಮೆಯವರಿಗೆ ಸೋರುವುದೆಂದರೇನು ಗೊತ್ತು ಎಂದುಕೊಳ್ಳಿ. ಮಿರಗದ ಮಳೆಗೆ ಮುಂಚೆ ಮಾಳಿಗೆ ಸೋರದಿರಲೆಂದು ಸವಳು ಮಣ್ಣು ಹಾಕಿ ತುಳಿದೇ ದೊಡ್ಡವರಾದವರು ಅವರಲ್ಲಿ ಇರಬಹುದು. ಅದಕ್ಕೂ ನಿಮಗೂ ಸಂಬಂಧವಿಲ್ಲ.

ಸ್ಲ್ಯಾಬ್ ಒಣಗಿದೆಯೇ ಎಂದು ನೋಡಲು ಗೌಂಡಿ ರಾತ್ರಿ ಒಂದು ತುಂಡು ಪ್ಲಾಸ್ಟಿಕ್ ಹಾಸಿ ನಾಲ್ಕೂ ಅಂಚಿಗೆ ಟೇಪ್ ಅಂಟಿಸುತ್ತಾನೆ. ಬೆಳಿಗ್ಗೆ ಎತ್ತಿದರೆ ಅಡಿಯಲ್ಲಿ ನೀರಹನಿ. “ಹಸಿ ಐತ್ರಿ ಸಾಹೇಬ್ರ, ಇನ್ನೂ ಎರಡ ದಿನ ಬಿಡ್ರಿ” ಎನ್ನುತ್ತಾನೆ. ಬಿಡಬೇಡಿ. ಹಸಿಯ ಮೇಲೆ ಅಂಟಿಸಿದರೆ ಬಿಸಿಲಿಗೆ ಒಳಗಿನ ನೀರು ಆವಿಯಾಗಿ ಮೆಂಬ್ರೇನ್ ಗುಳ್ಳೆ ಏಳುತ್ತದೆ. ಗೃಹಪ್ರವೇಶಕ್ಕೆ ಬಂದವರು ತಾರಸಿ ಹತ್ತುವುದಿಲ್ಲ.

ರೋಲು 1 ಮೀಟರ್ ಅಗಲ, 10 ಮೀಟರ್ ಉದ್ದ. ನೀರು ಹೋಗುವ ತೂತಿನ ಕಡೆಯಿಂದ, ಅಂದರೆ ತಗ್ಗಿನಿಂದ ಶುರುಮಾಡಿ ಏರಿಗೆ ಬರಬೇಕು, ಹೆಂಚು ಹೊದಿಸಿದಂತೆ. ಪಕ್ಕದ ಜೋಡಿಗೆ 100, ತುದಿಯ ಜೋಡಿಗೆ 150 ಮಿಲಿಮೀಟರ್ ಒಂದರ ಮೇಲೊಂದು ಬರಬೇಕು. ಟಾರ್ಚಿನ ಉರಿಗೆ ಅಡಿಯ ತೆಳು ಹಾಳೆ ಕರಗಿ ಡಾಂಬರು ಮಿನುಗಿದಾಗಲೇ ರೋಲು ಉರುಳಿಸಬೇಕು, ಅದುಮಿದಾಗ ಅಂಚಿನುದ್ದಕ್ಕೂ ಕರಿ ಎಳೆ ಹೊರಗಿಣುಕಬೇಕು. ಬಲ್ಲವನು ಆಮೇಲೆ ಕರಣೆಯ ಮೂತಿಯಿಂದ ಜೋಡಿಯನ್ನು ಮೀಟಿ ನೋಡುತ್ತಾನೆ. ನೀವು ಮಾತ್ರ ಓವರ್‌ಲ್ಯಾಪಿನಲ್ಲಿ ಎಷ್ಟು ಮಾಲು ದಂಡವಾಯಿತೆಂದು ಲೆಕ್ಕ ಕೇಳಿ. ಮುಂದಿನ ರೋಲಿನಿಂದ ಜೋಡಿ ತಾನಾಗಿ ಕಿರಿದಾಗುತ್ತದೆ.

ಪ್ಯಾರಾಪೆಟ್ ಮೂಲೆಗೆ ಸಿಮೆಂಟಿನ ದುಂಡು ಗೋಲಾ ಕಟ್ಟಿ, ಮೆಂಬ್ರೇನನ್ನು ಕನಿಷ್ಠ 150 ಮಿಲಿಮೀಟರ್ ಗೋಡೆಗೇರಿಸಿ, ಅಲ್ಲಿ ಕಾಲುವೆಯಂಥ ಗಾಡಿ ಕೊರೆದು ಅಂಚನ್ನು ಒಳಕ್ಕೆ ಸಿಕ್ಕಿಸಬೇಕೆಂಬ ವಾಡಿಕೆಯೂ ಇದೆ.

48 ಗಂಟೆ ನೀರು ನಿಲ್ಲಿಸಿ ಪರೀಕ್ಷೆ ಮಾಡಬೇಕು. ಟ್ಯಾಂಕರ್ ದುಡ್ಡು ಯಾಕೆ ದಂಡ, ಮಳೆ ಬರುತ್ತದಲ್ಲ?

ಇಷ್ಟಾದ ಮೇಲೂ ಸೋರದಿದ್ದರೆ ಸೋಲಾರ್‌ನವನು ಬಂದು ಸ್ಟ್ಯಾಂಡಿಗೆ ತೂತು ಕೊರೆಯುತ್ತಾನೆ. ಚಹಾ ಕೊಡಿ. ತೂತು ಅಡುಗೆಮನೆಯ ಮೇಲಿದ್ದರೂ ನೀರು ಮೆಂಬ್ರೇನಿನಡಿ ಅಡ್ಡಡ್ಡ ಹರಿದು ಹಾಲ್‌ನ ಫ್ಯಾನ್ ಕೊಕ್ಕೆಯಲ್ಲಿ ಇಳಿಯುತ್ತದೆ. ಹುಡುಕಲು ಹೋಗಬೇಡಿ. ಪಣಜಿಯಿಂದ ಮಡಗಾಂವ್‌ವರೆಗೆ ಬಹಳ ಮಂದಿ ಮಾಡಿದಂತೆ ಇಡೀ ತಾರಸಿಗೆ ತಗಡಿನ ಶೀಟು ಹೊದಿಸಿ. (ಇಳಿಜಾರು ಹೆಂಚಿನ ಮಾಡು ಹಳೆಯ ಕಾಲದ್ದೆಂದು ಸಪಾಟು ಸ್ಲ್ಯಾಬ್ ಹಾಕಿಸಿದವರು ನೀವೇ.) ಶೀಟಿನ ಕಂಬ ನಿಲ್ಲಿಸಲು ಬೋಲ್ಟು ಬೇಕು, ಬೋಲ್ಟಿಗೆ ಮೆಂಬ್ರೇನಿನಲ್ಲಿ ತೂತು ಬೇಕು.